ಮೊಣಕಾಲ ಹತ್ತಿರದ ಬಿಳಿ ಗೆರೆ

ಜವಳಿ ಅಂಗಡಿಯವರ ಮನೆಯ ಹೆಂಗಸರು ದಿನಕ್ಕೊಂದು ಹೊಸ ಸೀರೆ ಉಡುತ್ತಾರೆ ಅಂತ ರಾಯಚೂರಿನ ನಮ್ಮ ಓಣಿಯವರೆಲ್ಲ ನಂಬಿದ್ದರು. ಶಾಲೆಯ ಗೆಳತಿಯರೂ ಹಾಗೇ ಅನ್ನುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ, ಮನೆಯ ಮರ್ಯಾದೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ನಮ್ಮ ಮನೆಯ ಹೆಂಗಸರ ಪಾಲಿಗೆ ಬರುತ್ತಿದ್ದದ್ದು ಗಿರಾಕಿ ಒಲ್ಲೆ ಅಂದ ಸೀರೆ. ಹಾದಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲಿ ಅಂತ ಅಂಗಡಿಯ ಮುಂದೆ ಬಿದಿರಿನ ಗಳಕ್ಕೆ ಸೀರೆಗಳನ್ನು ಮಡಿಕೆ ಬಿಚ್ಚದೆ ತೂಗುಹಾಕುತ್ತಿದ್ದರು. ನಮ್ಮೂರ ಬಿಸಿಲು ಗೊತ್ತಲ್ಲ. ಎರಡು ತಿಂಗಳು ತೂಗಿದರೆ ಸಾಕು, ಹೊರಗೆ ಕಾಣುವ ಮಡಿಕೆಯ ಅಂಚಿನಲ್ಲಿ ಬಣ್ಣ ಹಾರಿ ಬೆರಳಗಲದ ಬಿಳಿ ಗೆರೆ ಮೂಡುತ್ತಿತ್ತು. ಅಂಥದ್ದನ್ನು ಯಾರು ಕೊಳ್ಳುತ್ತಾರೆ? ಅಜ್ಜ ಅದನ್ನು ಮನೆಗೆ ಕಳಿಸುತ್ತಿದ್ದ. ಉದ್ದಕ್ಕೆ ಎರಡು ಪದರು ಮಾಡಿ ಮಡಿಸಿದ ಸೀರೆಯಾದ್ದರಿಂದ ಉಟ್ಟಾಗ ಆ ಗೆರೆ ಸರಿಯಾಗಿ ಮೊಣಕಾಲ ಹತ್ತಿರ ಅಡ್ಡ ಬರುತ್ತಿತ್ತು. ಅಜ್ಜಿಯ ಸೀರೆಗೆ ಗೆರೆ, ಹಳೆಯ ಸೀರೆ ಕತ್ತರಿಸಿ ಹೊಲಿದ ನನ್ನ ಲಂಗಕ್ಕೂ ಗೆರೆ.

ಗೆರೆ ಇಲ್ಲದ ಸೀರೆ ಸಿಗುತ್ತಿದ್ದದ್ದು ಮದುವೆಯಾಗಿ ಹೋದ ಮಗಳಿಗೆ ಮಾತ್ರ. ತವರಿಗೆ ಬಂದಾಗಲೆಲ್ಲ ಆಕೆಗೆ ಒಳಗಿನ ಕಪಾಟಿನಿಂದ ಹೊಸದನ್ನು ತೆಗೆದುಕೊಡುತ್ತಿದ್ದರು. ಬೀಗರು ನೋಡುತ್ತಾರಲ್ಲ. ಸೊಸೆಯನ್ನು ಯಾರು ನೋಡಬೇಕಾಗಿತ್ತು? ಈ ಪದ್ಧತಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ಅದು ನನ್ನ ಕಣ್ಣೆದುರಿಗೆ ಬಂದ ದಿನ ನಾನು ಅದನ್ನು ನೋಡಲಿಲ್ಲ.

ನನಗೆ ಎರಡು ವರ್ಷ ತುಂಬುವ ಮೊದಲೇ ನಮ್ಮವ್ವ ಜ್ವರದಿಂದ ತೀರಿಕೊಂಡಳು. ಅವಳ ತವರು ಹಿರೇಕೊಟ್ನೆಕಲ್. ಒಡಹುಟ್ಟಿದವರಿರಲಿಲ್ಲ, ತಂದೆತಾಯಿ ಮೊದಲೇ ಹೋಗಿದ್ದರು, ಹೀಗಾಗಿ ಆ ಕಡೆಯವರ ಹೋಗಿಬರುವಿಕೆ ಅವಳೊಂದಿಗೇ ನಿಂತಿತು. ನನಗೆ ಉಳಿದದ್ದು ಪಡಸಾಲೆಯ ಗೋಡೆಯ ಮೇಲಿನ ಒಂದು ಫೋಟೋ. ಎದೆಮಟ್ಟದ ದೊಡ್ಡ ಫೋಟೋ, ಕಟ್ಟಿಗೆಯ ಕಟ್ಟು, ಗಂಧದ ಹಾರ. ಸ್ಟುಡಿಯೋದವನು ಕೆನ್ನೆಗೆ ಗುಲಾಬಿ ಬಣ್ಣ, ತುಟಿಗೆ ಕೆಂಪು ಬಳಿದು, ಮೂಗಿಗೊಂದು ನತ್ತನ್ನೂ ಬರೆದಿದ್ದ. ಓಣಿಯ ಹಳೆಯ ಹೆಂಗಸರು ಬಂದಾಗ ಅದನ್ನು ನೋಡಿ, ‘ಬಣ್ಣ ಹಚ್ಚಿ ಮುಖಾನ ಕೆಡಿಸ್ಯಾನ ನೋಡ್ರಿ’ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಮುಖದಲ್ಲಿ ನನಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಗಲ್ಲ ಎತ್ತಿ, ಇನ್ನೇನು ಏನೋ ಹೇಳುವವಳ ಹಾಗೆ ನೇರ ನೋಡುವ ಮುಖ.

ಮುತ್ತೈದೆಯಾಗಿ ಹೋದವಳು ಅಂತ ಪ್ರತಿ ಶುಕ್ರವಾರ ಆ ಗಾಜಿನ ಮೇಲೆ, ಹಣೆಯ ಜಾಗಕ್ಕೆ, ಕುಂಕುಮ ಹಚ್ಚುವುದು ನನ್ನ ಕೆಲಸವಾಗಿತ್ತು. ಸ್ಟೂಲು ಹತ್ತಿ ಹಚ್ಚುತ್ತಿದ್ದೆ. ಹಚ್ಚುವಾಗ ‘ಅವ್ವಾ’ ಅಂತ ಕರೆದು ವಾರದ ಸುದ್ದಿ ಹೇಳುತ್ತಿದ್ದೆ. ಲೆಕ್ಕದಲ್ಲಿ ಫೇಲಾದದ್ದು, ಅಜ್ಜಿ ಹೊಡೆದದ್ದು, ಮೊದಲ ಸಲ ಮುಟ್ಟಾದಾಗ ಹೆದರಿದ್ದು, ಎಲ್ಲ ಅವಳಿಗೇ. ಅಪ್ಪ ಮಾತ್ರ ಆ ಫೋಟೋದ ಕಡೆ ನೋಡುತ್ತಿರಲಿಲ್ಲ. ಎದುರು ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟು ಸುಮ್ಮನೆ ಹೊರಟುಬಿಡುತ್ತಿದ್ದ. ದುಃಖ ಅಂದುಕೊಂಡಿದ್ದೆ. ಮತ್ತೊಂದು ಮದುವೆಯನ್ನೂ ಆಗಲಿಲ್ಲ ಅವನು.

ಅಪ್ಪನಿಗೆ ಒಬ್ಬಳೇ ತಂಗಿ, ನನಗೆ ಅತ್ತಿ. ದೇವದುರ್ಗದ ಶೇಂಗಾ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅತ್ತಿಯ ಗಂಡ ತೀರಿಹೋಗಿದ್ದ. ಮಕ್ಕಳಿಲ್ಲ, ಮೈದುನನ ಸಂಸಾರದ ಜೊತೆ ಇದ್ದಳು. ಬರಿದಾದ ಹಣೆ, ಬೋಳು ಕೈ, ಒಳಗೆ ಹೋದ ಕೆನ್ನೆ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಬಂದರೂ ಪಡಸಾಲೆಗೆ ಕಾಲಿಡುತ್ತಿರಲಿಲ್ಲ, ಹಿತ್ತಿಲ ಬಾಗಿಲಿನಿಂದ ಬಂದು ಅಡುಗೆಮನೆಯಲ್ಲೇ ಕೂತು ಹೋಗುತ್ತಿದ್ದಳು. ನಾನು ಹತ್ತಿರ ಹೋದರೆ ಮುಖ ಸವರಿ, ನನ್ನ ಕೈಬೆರಳುಗಳನ್ನು ಹಿಡಿದು ನೋಡುತ್ತಿದ್ದಳು. ತುದಿಗೆ ಕುಂಕುಮದ ಕೆಂಪು ಅಂಟಿರುತ್ತಿತ್ತಲ್ಲ, ಅದನ್ನು. ಅದೇನು ನೋಡುತ್ತಾಳೆ ಅಂತ ನನಗೆ ಕಿರಿಕಿರಿ. ಬೇಗ ಬಿಡಿಸಿಕೊಂಡು ಓಡುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ನನಗೆ ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿತು, ಅಲ್ಲಿಯವರೊಂದಿಗೇ ಮದುವೆಯೂ ಆಯಿತು. ಅಕ್ಕಿಕಾಳು ಬೀಳುವ ಮೊದಲು ಹಿರಿಯರಿಗೆ ನಮಸ್ಕಾರ ಮಾಡಿಸುತ್ತಾರಲ್ಲ, ಆಗ ನಾನು ಮೊದಲು ಫೋಟೋದ ಮುಂದೆ ನೆಲಕ್ಕೆ ಹಣೆ ಹಚ್ಚಿ ಅತ್ತೆ. ಎದ್ದಾಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ಅತ್ತಿ ನಿಂತದ್ದು ಕಂಡಿತು. ಶುಭಕಾರ್ಯದಲ್ಲಿ ಆಕೆ ಮುಂದೆ ಬರುವ ಹಾಗಿರಲಿಲ್ಲ. ಹೋಗಿ ಕಾಲಿಗೆ ಬೀಳಬೇಕು ಅಂತ ನನಗೂ ಹೊಳೆಯಲಿಲ್ಲ. ಗಂಡನ ಮನೆಗೆ ಹೊರಡುವಾಗ ಹಟ ಮಾಡಿ ತವರಿನಿಂದ ಆ ಫೋಟೋ ಒಂದನ್ನೇ ಕೇಳಿ ತಂದೆ. ಅಪ್ಪ ಏನನ್ನೋ ಹೇಳಲು ಬಾಯಿ ತೆರೆದ, ಆಮೇಲೆ ತಾನೇ ಅದನ್ನು ಇಳಿಸಿ ಹಳೆಯ ಧೋತರದಲ್ಲಿ ಸುತ್ತಿಕೊಟ್ಟ.

ಎಂಬತ್ತರ ದಶಕದ ಆರಂಭದಲ್ಲಿ ಅಪ್ಪ ತೀರಿಕೊಂಡ. ಅಂಗಡಿಯನ್ನು ನಡೆಸುವವರಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನು ರಾಯಚೂರಿಗೆ ಬಂದು ಒಂದೊಂದೇ ಕಪಾಟು ಖಾಲಿ ಮಾಡಿಸಿದೆ. ಸಹಾಯಕ್ಕೆ ಇದ್ದವರು ಅಂಗಡಿಯ ಹಳೆಯ ಗುಮಾಸ್ತರು. ನಲವತ್ತು ವರ್ಷ ಅಲ್ಲೇ ಬಟ್ಟೆ ಅಳೆದು ಕತ್ತರಿಸಿದವರು. ಮನೆಯಲ್ಲಿ ದಖ್ಖನಿ ಮಾತಾಡುವವರು, ನಮ್ಮ ಜೊತೆ ನಮ್ಮ ಮಾತು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅಪ್ಪ ಕೂರುತ್ತಿದ್ದ ಗದ್ದುಗೆಯ ಹಿಂದಿನ ಪೆಟ್ಟಿಗೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ನಂಟರದು, ಗಿರಾಕಿಗಳದು ಅಂತ ಒಂದು ಕಟ್ಟು ಫೋಟೋ ಸಿಕ್ಕಿತು. ನಾನು ನೋಡಿಯೇ ಇರಲಿಲ್ಲ. ಮುಂದೆ ನನ್ನ ಮಗಳಿಗಾದರೂ ಗೊತ್ತಿರಲಿ ಅಂತ ಪ್ರತಿಯೊಂದರ ಬೆನ್ನಿಗೆ ಯಾರು ಯಾರೆಂದು ಬರೆಯಲು ಕೂತೆ. ಮಾಸ್ತರಿಕೆಯ ಚಟ, ಎಲ್ಲಕ್ಕೂ ಹೆಸರು ಬರೆದಿಡಬೇಕು.

ಚಾಚಾನ ಕಣ್ಣಿಗೆ ಪೊರೆ ಬಂದಿತ್ತು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ಬಟ್ಟೆ ನೋಡುತ್ತಿದ್ದರು. ‘ಇವರು ಚಂದ್ರಬಂಡದವರು. ಮೂರು ಹೆಣ್ಮಕ್ಕಳ ಮದಿವಿ ಒಮ್ಮೆಲೇ ಮಾಡಿದ್ರು. ತಲಿಗೆ ಸುತ್ತಿದ ಈ ಪಟಗ ನಾನ ಆರಿಸಿ ಕೊಟ್ಟಿದ್ದು’ ಅನ್ನುವರು. ‘ಇವರು ದೇವಸುಗೂರಿನ ಪೈಕಿ. ಜರಿ ಅಂಚೇ ಬೇಕಂತ ಹಟ ಮಾಡಿ ಎರಡು ದಿನ ಅಂಗಡ್ಯಾಗ ಕುಂತಿದ್ರು.’ ಯಾರ ಮನೆಯ ಮದುವೆ ಜವಳಿಗೆ ಯಾರು ಬಂದಿದ್ದರು, ಯಾವ ಮಗನಿಗೆ ಯಾವ ಕೋಟು, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ನಾನು ಖುಷಿಯಿಂದ ಬರೆಯುತ್ತ ಹೋದೆ. ಅಪ್ಪ ಹೋದ ಮೇಲೆ ಅಷ್ಟು ಹಗುರಾಗಿದ್ದ ಮಧ್ಯಾಹ್ನ ಮತ್ತೊಂದಿಲ್ಲ.

ಕೊನೆಗೊಂದು ಮನೆಮಂದಿಯ ಫೋಟೋ ಬಂತು. ನಮ್ಮ ಅಂಗಳ. ಕುರ್ಚಿಯ ಮೇಲೆ ಅಜ್ಜ ಅಜ್ಜಿ, ಪಕ್ಕಕ್ಕೆ ಎಳೆಯ ಅಪ್ಪ. ಹಿಂದೆ ಎತ್ತರದ ಕಟ್ಟೆಯ ಮೇಲೆ, ಕುರ್ಚಿಗಳಿಗೆ ಮರೆಯಾಗದ ಹಾಗೆ, ಇಬ್ಬರು ಹುಡುಗಿಯರಂಥ ಹೆಂಗಸರು. ಒಬ್ಬಳು ನಮ್ಮ ಗೋಡೆಯ ಫೋಟೋದವಳೇ, ಅದೇ ಎತ್ತಿದ ಗಲ್ಲ, ಬಣ್ಣ ಮತ್ತು ನತ್ತು ಮಾತ್ರ ಇಲ್ಲ. ಅವ್ವನ ಇಡೀ ಆಕಾರವನ್ನು ನಾನು ನೋಡಿದ್ದು ಅದೇ ಮೊದಲು. ಕೊರಳ ತುಂಬ ಬಂಗಾರ, ಹೊಳೆಯುವ ಸೀರೆ. ಇನ್ನೊಬ್ಬಳು ಹುಬ್ಬಿನ ತನಕ ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ನಿಂತಿದ್ದಳು. ಮುಖ ಕಾಣುವುದಿಲ್ಲ, ಮೂಗಿನ ತುದಿ ಮಾತ್ರ. ಮನೆಯ ಪ್ರಾಯದ ಹೆಂಗಸರು ಆಗ ಇಬ್ಬರೇ, ಸೊಸೆ ಮತ್ತು ಮಗಳು. ಹಾಗಾದರೆ ಇವಳು ದೇವದುರ್ಗದ ಅತ್ತಿ. ಚಾಚಾನನ್ನು ಕೇಳುವ ಮೊದಲೇ ಪೆನ್ನಿನಿಂದ ಹಾಗೇ ಬರೆದು, ಓದಿ ಹೇಳಿದೆ.

‘ಉಲ್ಟಾ ಬರದಿ ಬೇಟಿ’ ಅಂದರು ಚಾಚಾ. ‘ತಲಿ ತಗ್ಗಿಸಿದಾಕಿ ನಿಮ್ಮವ್ವ.’

ನನಗೆ ನಗು ಬಂತು. ‘ಚಾಚಾ, ನೀವು ನಮ್ಮವ್ವನ್ನ ನೋಡೀರೇನು?’

‘ಇಲ್ಲ ಬೇಟಿ. ಮನಿ ಹೆಣ್ಮಕ್ಕಳ ಮುಖ ನಾ ಎಂದೂ ನೋಡಿಲ್ಲ. ಪಡಸಾಲಿ ಸೈತ ಹತ್ತಿಲ್ಲ. ಸೀರಿ ಗೊತ್ತದ. ಮನಿಗೆ ಹೋಗೋ ಸೀರಿ ಎಲ್ಲಾ ನನ್ನ ಕೈಯಾಗಿಂದ ಹೋಗ್ಯಾವ.’ ಉಗುರಿನಿಂದ ಫೋಟೋದ ಮೇಲೆ ತೋರಿಸಿದರು. ‘ನೋಡು, ಮೊಣಕಾಲ್ ಬಲ್ಲಿ ಗೆರಿ ಅದ. ಸೊಸಿ ಸೀರಿ. ಈಕಿದು ನೋಡು, ಕೋರಾ ಮಾಲು, ಹೊಸಾದು, ಗೆರಿ ಇಲ್ಲ. ಇದು ದೇವದುರ್ಗಕ್ಕ ಕೊಟ್ಟ ಬಾಯಿಯವರು ದೀಪಾವಳಿಗೆ ಬಂದಾಗ ಸಾವುಕಾರ್ರು ಒಳಗಿನ ಕಪಾಟದಾಗಿಂದ ತಗಸಿ ಕೊಟ್ಟಿದ್ದು. ನಾನ ಕಟ್ಟಿ ಕಳಿಸೀನಿ.’

ನಾನು ಫೋಟೋ ಕಸಿದುಕೊಂಡೆ. ಗೆರೆ ಇತ್ತು. ಕಪ್ಪು ಸೀರೆಯ ಮೇಲೆ ಸುಣ್ಣದಲ್ಲಿ ಎಳೆದ ಹಾಗೆ ಸ್ಪಷ್ಟವಾಗಿ ಇತ್ತು. ಆ ಗೆರೆಯನ್ನು ಉಟ್ಟು ಬೆಳೆದವಳು ನಾನು. ಮುಖ ಸಿಕ್ಕ ಸಂಭ್ರಮದಲ್ಲಿ ಕಣ್ಣು ಕೆಳಗೇ ಇಳಿದಿರಲಿಲ್ಲ. ಚಾಚಾ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ತಾವು ಏನು ಹೇಳಿದೆವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ, ಗೋಡೆಯ ಫೋಟೋವನ್ನು ಅವರು ಕಂಡೇ ಇರಲಿಲ್ಲ. ನಾನೂ ಹೇಳಲಿಲ್ಲ. ಮಾನ್ವಿಗೆ ಮರಳಿ ಬಂದು, ಚಪ್ಪಲಿ ಕೂಡ ಬಿಡದೆ ಗೋಡೆಯ ಎದುರು ನಿಂತೆ. ಬಣ್ಣದ ಕೆಳಗಿನ ಮುಖವನ್ನು ಹುಡುಕಿದೆ. ಕೆನ್ನೆ ಒಳಗೆ ಹೋದರೆ, ಹಲ್ಲು ಬಿದ್ದರೆ, ಹಣೆ ಬರಿದಾದರೆ ಅದು ಅತ್ತಿಯೇ. ಬದುಕಿರುವ ಹೆಂಗಸಿಗೆ ಮೂವತ್ತು ವರ್ಷ ಹಾರ ಹಾಕಿದ್ದೆವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಸತ್ತ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಹಾರ ತೆಗೆದು ಒಲೆಗೆ ಹಾಕಿದೆ. ಆ ಶುಕ್ರವಾರ ಕುಂಕುಮ ಹಚ್ಚಲಿಲ್ಲ.

ಮುಂದಿನ ವಾರ ದೇವದುರ್ಗದ ಬಸ್ಸು ಹತ್ತಿದೆ. ನನಗೆ ಬೇಕಾಗಿದ್ದದ್ದು ಒಂದೇ. ಈ ಮುಖ ನನ್ನ ಅವ್ವನದಲ್ಲದಿದ್ದರೆ ಅವಳ ಮುಖ ಹೇಗಿತ್ತು? ಅಜ್ಜ ಅಜ್ಜಿ, ಓಣಿಯ ಹಳಬರು ಎಲ್ಲ ಹೋಗಿ, ಅದನ್ನು ಹೇಳಬಲ್ಲವಳು ಈಗ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು.

ಅತ್ತಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಅಂಗಳದ ಫೋಟೋವನ್ನು ಆಕೆಯ ಮೊರದಲ್ಲಿಟ್ಟೆ. ಬಹಳ ಹೊತ್ತು ನೋಡಿದಳು. ‘ಯಾರು ಹೇಳಿದ್ರು?’ ಅಂದಳು. ಹೇಳಿದೆ. ‘ನಿಮ್ಮಪ್ಪ ಹೇಳಿರ್ತಾನ ಅಂದ್ಕೊಂಡೆ. ಅಂವಗ ಧೈರ್ಯ ಎಲ್ಲಿತ್ತು’ ಅಂತ ಮತ್ತೆ ಶೇಂಗಾಕ್ಕೆ ಕೈಹಚ್ಚಿದಳು. ಸುಲಿಯುತ್ತಲೇ ಹೇಳಿದಳು.

‘ನಿಮ್ಮವ್ವ ಹೋಗಿ ವರ್ಷ ತುಂಬಿದ ದಿನ ಮುಂಜಾನಿ ಆ ಫೋಟೋ ಬಂತು. ನಿಮ್ಮಜ್ಜ ಸ್ಟುಡಿಯೋದಾಂವಗ, ಇದರಾಗಿನ ಸೊಸಿದು ದೊಡ್ಡದು ಮಾಡಿಕೊಡು ಅಂತ ಅಷ್ಟ ಹೇಳಿ ಕಳಿಸಿದ್ದ. ಆತ ಏನ್ ಮಾಡ್ಯಾನು? ಒಬ್ಬಾಕಿ ಬಂಗಾರ ಹಾಕ್ಕೊಂಡು, ಹೊಸ ಸೀರಿ ಉಟ್ಟು, ಮುಖ ಎತ್ತಿ ನಿಂತಾಳ. ಒಬ್ಬಾಕಿ ಬಣ್ಣ ಹೋದ ಸೀರಿ ಉಟ್ಟಾಳ. ಇಷ್ಟು ದೊಡ್ಡ ಜವಳಿ ಅಂಗಡಿ ಸೊಸಿ ಅಂದ್ರ ಹೊಸಾದು ಉಟ್ಟಾಕೀನ ಇರಬೇಕು ಅಂದ್ಕೊಂಡ. ಹೊರಗಿನವರಿಗೆ ನಮ್ಮ ಮನಿ ಸಂಗತಿ ಏನ್ ಗೊತ್ತು.’

‘ಮತ್ತ ತಗಸಲಿಲ್ಲ ಯಾಕ?’

‘ನಿಮ್ಮಜ್ಜಿ ಎದಿ ಹಿಡಕೊಂಡು ಕುಂತ್ಲು. ಬದುಕಿದ ಮಗಳಿಗೆ ಹಾರ ಹಾಕ್ತೀರೇನು, ಇಳಸ್ರಿ ಅಂದ್ಲು. ಅಷ್ಟರಾಗ ಯಾರೋ ನಿನ್ನ ಎತ್ತಿ ಹಿಡದು, ನಿಮ್ಮವ್ವ ನೋಡು ಅಂದುಬಿಟ್ಟಿದ್ರು. ನೀ ಗಾಜು ಬಡದು ಅವ್ವಾ ಅವ್ವಾ ಅಂದಿ. ಒಂದು ವರ್ಷ ನಿನ್ನ ಬಾಯಾಗ ಆ ಮಾತು ಬಂದಿದ್ದಿಲ್ಲ. ನಿಮ್ಮವ್ವನ ಫೋಟೋ ಅಂತ ಬ್ಯಾರೆ ಇದ್ದಿಲ್ಲ. ನಾನ ಅಂದೆ, ಇರ್ಲಿ ಬಿಡ್ರಿ, ನನಗೇನ ಆಗ್ತದ ಅಂತ.’

ಆಕೆಗೇನೂ ಆಗಲಿಲ್ಲ. ಎರಡು ವರ್ಷಕ್ಕೆ ಆಕೆಯ ಗಂಡ ಹೋದ. ಅಜ್ಜಿ ಸೂತಕದ ಮನೆಗೆ ಬಂದು, ಎಲ್ಲರ ಮುಂದೆ, ‘ನಿನ್ನ ಹಣಿ ಕುಂಕುಮ ಆ ಗಾಜಿಗೆ ಹೋತು’ ಅಂದಳಂತೆ. ಅದನ್ನು ಹೇಳುವಾಗ ಅತ್ತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಫೋಟೋಕ್ಕೆ ಹಾರ ಹಾಕಿದರೆ ಯಾರೂ ಸಾಯುವುದಿಲ್ಲ ಅಂತ ನಾನು ಮಕ್ಕಳಿಗೆ ಪಾಠ ಹೇಳುವವಳು. ಅವತ್ತು ಆ ಪಾಠ ನನಗೆ ಕೆಲಸಕ್ಕೆ ಬರಲಿಲ್ಲ.

‘ಆಗಾದ್ರೂ ಇಳಸ್ರಿ ಅನಬೇಕಿತ್ತಲ್ಲ ಅತ್ತಿ’ ಅಂದೆ.

‘ಎಲ್ಲಾರೂ ಅಂದ್ರು, ನಿಮ್ಮಪ್ಪ ಇಳಸ್ತೀನಿ ಅಂದ. ನಾನ ಬ್ಯಾಡಂದೆ. ಇಳಿಸಿದ್ರ ಹೋದಾಂವ ಬರ್ತಾನೇನು? ನಿನಗಂತೂ ಅವ್ವ ಇಲ್ಲದಂಗ ಆಗ್ತಿತ್ತು.’ ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: ‘ಆಮ್ಯಾಲ ನನಗೂ ಬೇಕಾತವಾ ಅದು. ಇಲ್ಲಿ ನನ್ನ ಹಣಿ ಮುಟ್ಟೋರು ಯಾರದಾರ? ಅಲ್ಲಿ ಶುಕ್ರವಾರಕ್ಕೊಮ್ಮೆ ನೀ ಹಚ್ಚತಿದ್ದಿ. ಇವತ್ತು ಹಚ್ಚಿರ್ತಾಳ ಅಂತ ನೆನಸ್ಕೋತಿದ್ದೆ.’

ಕಳೆದ ಶುಕ್ರವಾರ ಹಚ್ಚಿಲ್ಲ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ಕೊನೆಗೆ, ಕೇಳಲು ಬಂದದ್ದನ್ನೇ ಕೇಳಿದೆ. ಅವ್ವನ ಮುಖ ಹೇಗಿತ್ತು ಅಂತ. ಅತ್ತಿ ಕೈ ನಿಲ್ಲಿಸಿದಳು. ತಲೆ ತಗ್ಗಿಸಿದವಳ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ‘ನೆನಪ್ ಬರವಲ್ದವಾ. ಎಷ್ಟು ನೆನಸಿದ್ರೂ ಆ ಗ್ವಾಡಿ ಮ್ಯಾಲಿನ ಮುಖಾನ ಬರ್ತದ. ನನ್ನ ಮುಖಾನ ಆಕಿ ಮುಖದ ಮ್ಯಾಲ ಕುಂತುಬಿಟ್ಟದ.’ ಕಣ್ಣೀರು ಒರೆಸಿಕೊಂಡಳು. ‘ಒಂದು ಗೊತ್ತದ. ನಿಮ್ಮಜ್ಜ ಮುಂದ ಕುಂತಿದ್ದ, ಮಾವನ ಹಿಂದ ನಿಂತು ಮುಖ ಹ್ಯಾಂಗ ಎತ್ತಬೇಕು? ಫೋಟೋದಾಂವ ಎರಡು ಸಲ ಎತ್ರಿ ಅಂದ. ನಾ ಹಿಂದಿಂದ ಚಿವುಟಿದೆ. ಆಕಿ ಸೆರಗಿನೊಳಗ ನಗಾಕತ್ತಿದ್ಲು. ನಗಿ ತಡಕೊಳ್ಳಾಕ ಇನ್ನಷ್ಟು ತಗ್ಗಿಸಿದ್ಲು.’

ನನಗೆ ಅವ್ವನ ಬಗ್ಗೆ ಸಿಕ್ಕದ್ದು ಅಷ್ಟೇ. ಅವಳು ನಗುತ್ತಿದ್ದಳು. ನಾನು ಅತ್ತಿಯ ತೊಡೆಯ ಮೇಲೆ, ಶೇಂಗಾ ಸಿಪ್ಪೆಯ ಮೇಲೆಯೇ ತಲೆಯಿಟ್ಟು ಅತ್ತೆ. ಆಕೆ ಬೆನ್ನು ಸವರುತ್ತ ಕೂತಳು. ಸಂಜೆ ಬಸ್ ನಿಲ್ದಾಣದ ತನಕ ಬಂದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ಆಕೆಯನ್ನು ಅವ್ವಾ ಅಂತ ಕರೆಯಬೇಕು ಅಂದುಕೊಂಡೆ. ಬಾಯಿಗೆ ಬಂದದ್ದು ‘ಅತ್ತಿ, ಬರ್ತೀನಿ’ ಅಂತಲೇ. ಆಕೆ ತಲೆಯಾಡಿಸಿದಳು. ಆಮೇಲೂ ನಾಲ್ಕಾರು ಸಲ ಹೋದೆ, ಪ್ರತಿ ಸಲವೂ ಅದೇ ಆಯಿತು. ಮುಂದಿನ ಸಲ ಅಂದರಾಯಿತು ಅಂದುಕೊಂಡು ಬರುತ್ತಿದ್ದೆ. ಶುಕ್ರವಾರದ ಕುಂಕುಮವನ್ನು ಮಾತ್ರ ತಪ್ಪಿಸಲಿಲ್ಲ. ಹಾರವನ್ನು ಹಾಕಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತಿ ಹೋದಳು. ಮಣ್ಣಿಗೆ ಹೋಗಿ ಬಂದೆ. ಹದಿನೈದು ದಿನಕ್ಕೆ ಆಕೆಯ ಮೈದುನನ ಮಗ ಮಾನ್ವಿಗೆ ನಮ್ಮ ಮನೆ ಹುಡುಕಿಕೊಂಡು ಬಂದ. ಒಳ್ಳೆಯ ಹುಡುಗ. ‘ದೊಡ್ಡವ್ವಂದು ಒಂದೂ ಫೋಟೋ ಇಲ್ರಿ ಅಕ್ಕಾರ. ನಿಮ್ಮ ಬಲ್ಲಿ ಐತೆಂತ ಆಕಿ ಹೇಳಿದ್ಲು. ನಾ ತೀರಿದ ಮ್ಯಾಲ ಬೇಕಾದ್ರ ಅಲ್ಲಿಂದ ತಗೊಂಡು ಬರ್ರಿ, ಹೊಸಾದು ಮಾಡಿಸಬ್ಯಾಡ್ರಿ, ಅದಕ್ಕ ಹಾರ ಹಾಕೂ ರೂಢಿ ಐತಿ ಅಂತ ನಕ್ಕಿದ್ಲು.’

ಕೊಡಲೇಬೇಕಾಗಿತ್ತು. ಅದು ಆಕೆಯದು. ಇಳಿಸಿ ಮೇಜಿನ ಮೇಲಿಟ್ಟೆ. ಗಾಜಿನ ಮೇಲೆ ಮೂವತ್ತೈದು ವರ್ಷದ ಕುಂಕುಮ ಗಟ್ಟಿಯಾಗಿ ಕೂತು ಸಣ್ಣ ಗುಡ್ಡವಾಗಿತ್ತು. ಹುಡುಗ ಅದನ್ನು ನೋಡಿ ಸಂಕೋಚದಿಂದ, ‘ಅಕ್ಕಾರ, ಒಂದು ಒದ್ದಿ ಅರಬಿ ಕೊಡ್ರಿ, ಕುಂಕುಮ ಒರಸಬೇಕು. ಮುಂಡಿ ಆದಾಕಿ ಫೋಟೋಕ್ಕ ನಮ್ಮ ಮನ್ಯಾಗ ಹಿರೇರು ಒಪ್ಪಂಗಿಲ್ರಿ’ ಅಂದ.

ಬಟ್ಟೆ ತರಲು ಒಳಗೆ ಹೋದವಳು ಅರ್ಧಕ್ಕೇ ನಿಂತೆ. ಆ ಹಣೆಯನ್ನು ಒಮ್ಮೆ ಒರೆಸಿದ್ದರು, ಸಾಕಾಗಿತ್ತು. ಬರಿಗೈಲಿ ತಿರುಗಿ ಬಂದು, ‘ಒಯ್ಯೋದಾದ್ರ ಹಿಂಗ ಒಯ್ಯಪ್ಪ. ಒರಸಾಕ ನಾ ಕೊಡಂಗಿಲ್ಲ’ ಅಂದೆ. ಅವನು ಬಹಳ ಹೊತ್ತು ತಲೆ ಕೆರೆದುಕೊಳ್ಳುತ್ತ ಕೂತ. ಚಹಾ ಕುಡಿದ. ಮನೆಯಲ್ಲಿ ಕೇಳಿ ಬರುತ್ತೇನೆಂದು ಎದ್ದು ಹೋದವನು ಮತ್ತೆ ಬರಲಿಲ್ಲ.

ಫೋಟೋ ನನ್ನ ಗೋಡೆಯ ಮೇಲೇ ಇದೆ, ಈಗ ಹಾರವೂ ಇದೆ. ಅದರ ಕೆಳಗೆ ಅಂಗಳದ ಫೋಟೋವನ್ನೂ ತೂಗುಹಾಕಿದ್ದೇನೆ. ನಿಮ್ಮವ್ವ ಯಾರು ಅಂತ ಕೇಳಿದವರಿಗೆ ಮೊಣಕಾಲ ಹತ್ತಿರದ ಬಿಳಿ ಗೆರೆ ತೋರಿಸುತ್ತೇನೆ. ಶುಕ್ರವಾರ ಮೇಲಿನ ಗಾಜಿಗೆ ಕುಂಕುಮ ಹಚ್ಚುವಾಗ ಈಗಲೂ ಬಾಯಿಂದ ತಾನೇ ಬರುವುದು ‘ಅವ್ವಾ’ ಅಂತಲೇ. ಆಕೆ ಎದುರಿಗೆ ಕೂತಿದ್ದಾಗ ಒಂದು ಸಲವೂ ಬರಲಿಲ್ಲ.